ಗೋಲುರಹಿತ ದಿನಗಳ ಬೋರ್ಡು

ಕುರೆಕುಪ್ಪದ ಕೆಂಬೆಟ್ಟ ಫುಟ್ಬಾಲ್ ಕ್ಲಬ್ಬು ಕಳೆದ ನೂರ ಹದಿನಾಲ್ಕು ದಿನಗಳಿಂದ ಯಾವುದೇ ಎದುರಾಳಿಗೆ ಒಂದೇ ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಈ ಸಂಗತಿಯನ್ನು ಮೈದಾನದ ಗೇಟಿನ ಪಕ್ಕ ಎಂಟಡಿ ಎತ್ತರದ ಹಸಿರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಪ್ರಕಟಿಸಲಾಗಿದೆ. ನಂಬದವರು ಖುದ್ದಾಗಿ ಬಂದು ಓದಿಕೊಳ್ಳಬಹುದು. ತೋರಣಗಲ್ಲಿನ ಕಡೆಯಿಂದ ಬರುವ ಕಂಪನಿ ಬಸ್ಸುಗಳು ಅಲ್ಲಿಗೆ ಬಂದಾಗ ವೇಗ ತಗ್ಗಿಸುತ್ತವೆ, ಒಳಗೆ ಕೂತವರು ಅಂಕಿ ಓದಿ ಆಮೇಲೆ ನಿದ್ದೆ ಮುಂದುವರಿಸುತ್ತಾರೆ.

ನಾನು ಗಾಳೆಪ್ಪ. ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕೆಂಬೆಟ್ಟ ಪೆಲೆಟ್ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಕ್ಲಬ್ಬು ಕಾರ್ಖಾನೆಯದೇ, ನಾನು ಅದರ ಅಭಿಮಾನಿ ಸಂಘದ ಅಧ್ಯಕ್ಷ. ಹನ್ನೊಂದು ವರ್ಷದಿಂದ ಈ ತಂಡ ಸೋಲುವುದನ್ನು ಒಂದು ಪಂದ್ಯವೂ ಬಿಡದೆ ನೋಡಿದ್ದೇನೆ. ನನ್ನ ಬಾಯಿ ಸ್ವಲ್ಪ ಹರಿತ ಎಂದು ಊರವರು ಹೇಳುತ್ತಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವ್ವ ಹೇಳುತ್ತಿದ್ದಳು. ನಾನು ಆಡಿದ ಒಂದು ಮಾತು ಮಾತ್ರ ಹೋಗಲಿಲ್ಲ, ಠರಾವು ಪುಸ್ತಕದಲ್ಲಿ ಕೂತುಬಿಟ್ಟಿತು.

ಸೀಸನ್ನಿನ ಆರಂಭ ಹೇಗಿತ್ತು ಎಂದು ಕೇಳುವವರಿಗೆ ವಿನಮ್ರ ಉತ್ತರ: ನಾವಿನ್ನೂ ಆರಂಭದಲ್ಲೇ ಇದ್ದೇವೆ. ಗಣಪನನ್ನು ನೀರಿಗೆ ಬಿಟ್ಟ ವಾರ ಶುರುವಾದ ಲೀಗು, ಸಂಕ್ರಾಂತಿ ಕಳೆದರೂ ನಾವು ಆಡಿರುವುದು ಮೂರೇ ಪಂದ್ಯ. ಆ ಮೂರನ್ನೂ ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಮೊದಲನೆಯದು ಎಮ್ಮಿಗನೂರಿನ ಮೇಲೆ. ಅವರು ಟ್ರ್ಯಾಕ್ಟರಿನಲ್ಲಿ ಬಂದರು. ಹಿಂದಿನ ದಿನ ಮಳೆಯಾಗಿ ಮೈದಾನವೆಲ್ಲ ಕೆಂಪು ರಾಡಿ. ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದವರಿಗೆ ರಾಡಿ ಅಂದರೆ ಮನೆಯ ಅಂಗಳ. ಅವರು ಓಡಿದರು, ನಮ್ಮವರು ಜಾರಿದರು. ಐದು ಸೊನ್ನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕ್ಯಾಪ್ಟನ್ ಕೂಡ ನೆಲದ ಬಗ್ಗೆಯೇ ಲಿಖಿತ ದೂರು ಕೊಟ್ಟ. ಮೈದಾನ ನಮ್ಮದೇ ಆದ್ದರಿಂದ ದೂರು ನಮಗೇ ವಾಪಸು ಬಂತು.

ಎರಡನೆಯದು ಹಂಪಿಯ ಗೈಡುಗಳ ತಂಡದ ಮೇಲೆ. ಅವರ ಬಾಯಿ ಆಟದುದ್ದಕ್ಕೂ ಸುಮ್ಮನಿರಲಿಲ್ಲ. ಬರ್ರಿ ಸರ್, ಈ ಕಡೆ ನೋಡ್ರಿ, ಎಡಗಡೆ ನೋಡ್ರಿ, ಅಂತ ಅವರ ಮುಂಪಡೆಯವನು ಚೆಂಡಿನ ಜೊತೆ ಓಡುತ್ತ ಕೈ ತೋರಿಸಿದ. ನಮ್ಮ ರಕ್ಷಣಾ ಆಟಗಾರರು ಮೂವರೂ ಮರ್ಯಾದಸ್ಥರು, ತೋರಿಸಿದ ಕಡೆ ನೋಡಿದರು. ನಾಲ್ಕು ಸೊನ್ನೆ. ಮೂರನೆಯದು ಕಂಪ್ಲಿಯ ಮೇಲೆ, ಏಳು ಒಂದು. ಅದರ ವಿವರ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಒಂದು ಮಾತ್ರ ನಮ್ಮದು, ಅದನ್ನು ಹೊಡೆದವನು ಜಂಬುನಾಥ್.

ಜಂಬುನಾಥ್ ನನ್ನ ತಂಗಿಯ ಮಗ. ಕಾರ್ಖಾನೆಯ ಕನ್ವೇಯರ್ ಬೆಲ್ಟಿನ ಕೆಳಗೆ ಉದುರಿದ ಅದಿರನ್ನು ಗೋರಿ ಮತ್ತೆ ಬೆಲ್ಟಿಗೆ ಹಾಕುವ ಕೆಲಸ, ಆರು ವರ್ಷದಿಂದ ಗುತ್ತಿಗೆಯಲ್ಲಿ. ಮೂರು ತಿಂಗಳಿಗೊಮ್ಮೆ ಅವನ ಗೇಟ್ ಪಾಸಿನ ಅವಧಿ ಮುಗಿಯುತ್ತದೆ. ಆಗ ಬೆಳಿಗ್ಗೆ ಐದಕ್ಕೇ ಹೋಗಿ ಸಾಲು ಹಚ್ಚಿ, ಇವನು ಇವನೇ ಎಂದು ಮತ್ತೆ ಸಾಬೀತು ಮಾಡಬೇಕು. ಗುತ್ತಿಗೆಯವರಿಗೆ ಹಳದಿ ಹೆಲ್ಮೆಟ್, ಖಾಯಂ ಆದವರಿಗೆ ನೀಲಿ. ಅವನ ಆಸೆ ಇಷ್ಟೇ, ಒಂದು ನೀಲಿ ಹೆಲ್ಮೆಟ್.

ಅದಕ್ಕೆ ದಾರಿ ಇತ್ತು. ಕಾರ್ಖಾನೆಯ ನಿಯಮದ ಪ್ರಕಾರ ವರ್ಷಕ್ಕೊಬ್ಬ ಆಟಗಾರನನ್ನು ಖಾಯಂ ಮಾಡಿಕೊಳ್ಳಬೇಕು. ಷರತ್ತು ಎರಡು: ಆ ಸೀಸನ್ನಿನಲ್ಲಿ ಎಂಟು ಪಂದ್ಯ ಆಡಿರಬೇಕು, ಇಪ್ಪತ್ತೆಂಟು ವರ್ಷ ತುಂಬಿರಬಾರದು. ಜಂಬುನಾಥನಿಗೆ ಸಂಕ್ರಾಂತಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಹೋದ ವರ್ಷ ಅವನು ಏಳು ಪಂದ್ಯ ಆಡಿದ್ದ. ಎಂಟನೆಯದರ ದಿನ ಅವನನ್ನು ಬೇರೆ ಶಿಫ್ಟಿಗೆ ಹಾಕಿದ್ದರು. ಈ ವರ್ಷವೇ ಕೊನೆ. ಮೂರು ಆಗಿತ್ತು, ಇನ್ನೈದು ಬೇಕಿತ್ತು.

ಕಂಪ್ಲಿಯ ಪಂದ್ಯ ಮುಗಿದ ಸಂಜೆಯೇ ಕಾರ್ಯಕಾರಿ ಸಮಿತಿಯ ಸಭೆ ಸೇರಿತು. ಕ್ಲಬ್ಬಿನ ಅಧ್ಯಕ್ಷರು ಉಚ್ಚೆಂಗಪ್ಪನವರು, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದು ನಿವೃತ್ತರಾದವರು. ಮನೆಯ ಮಾಳಿಗೆ ಹತ್ತುವಾಗಲೂ ಹೆಲ್ಮೆಟ್ ಹಾಕುತ್ತಾರೆ. ಕಾರ್ಯದರ್ಶಿ ರಾಯಣ್ಣ, ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಯಾರು ಏನು ಅಂದರೂ ತಲೆ ಎತ್ತದೆ ಬರೆದುಕೊಳ್ಳುವುದು ಅವನ ಸ್ವಭಾವ. ಸಭೆಯಲ್ಲಿ ತಂಡಕ್ಕೆ ಹೊಸ ಕಾಲುಚೀಲ ತರಿಸುವ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು. ಹದಿನಾರು ಗೋಲು ಹೊಡೆಸಿಕೊಂಡವರಿಗೆ ಕಾಲುಚೀಲ. ನನಗೆ ಮೈಯೆಲ್ಲ ಉರಿದುಹೋಯಿತು, ಎದ್ದು ನಿಂತೆ.

“ಪ್ಲಾಂಟ್ ಗೇಟಿನ್ಯಾಗ ಅಪಘಾತ ಇಲ್ಲದ ದಿನಾ ಎಷ್ಟು ಅಂತ ಬೋರ್ಡ್ ಹಾಕ್ತೀರಲ್ರೀ, ಹಂಗ ಇಲ್ಲೂ ಒಂದು ಹಾಕ್ರಿ. ಗೋಲ್ ಹೊಡಿಸ್ಕೊಳ್ಳದ ದಿನಾ ಎಷ್ಟು ಅಂತ ಊರ ಮಂದಿ ನೋಡ್ಲಿ,” ಅಂದೆ.

ಯಾರಾದರೂ ತಲೆ ತಗ್ಗಿಸುತ್ತಾರೆ ಅಂದುಕೊಂಡಿದ್ದೆ. ಉಚ್ಚೆಂಗಪ್ಪನವರ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದಲ್ಲಿ ಇಂಥ ಸಲಹೆ ಒಬ್ಬ ಕ್ರೇನ್ ಆಪರೇಟರಿನಿಂದ ಬಂದಿದ್ದಿಲ್ಲ ಎಂದು ನನ್ನ ಕೈ ಹಿಡಿದು ಕುಲುಕಿದರು. ರಾಯಣ್ಣ ಬರೆದು ಮುಗಿಸಿಯೇ ಬಿಟ್ಟಿದ್ದ. ಠರಾವು ಹೀಗಿದೆ: “ಅಭಿಮಾನಿ ಸಂಘದ ಅಧ್ಯಕ್ಷರಾದ ಶ್ರೀ ಗಾಳೆಪ್ಪನವರ ಸೂಚನೆಯ ಮೇರೆಗೆ, ಗೋಲುರಹಿತ ದಿನಗಳ ಸಂಖ್ಯೆಯನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರತಿದಿನ ಪ್ರದರ್ಶಿಸತಕ್ಕದ್ದು, ಸದರಿ ಸಂಖ್ಯೆಯನ್ನು ಕುಂದಿಲ್ಲದಂತೆ ಕಾಪಾಡುವುದು ಕ್ಲಬ್ಬಿನ ಪರಮ ಗುರಿಯಾಗಿರತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಲಾಯಿತು.” ಆ ಸರ್ವಾನುಮತದಲ್ಲಿ ನಾನೂ ಇದ್ದೆ. ನಾನು ಚೇಷ್ಟೆಗೆ ಅಂದಿದ್ದು ಎಂದು ಹೇಳಲು ಬಾಯಿ ತೆರೆದಾಗ ಶಾಲು ಹೊದಿಸಿದರು.

ಬೋರ್ಡು ಮರುದಿನವೇ ಎದ್ದಿತು. ಮೂರನೆಯ ದಿನ ಆಯುಧಪೂಜೆ. ಕಾರ್ಖಾನೆಯ ಕ್ರೇನು, ಲಾರಿ, ಸ್ಪ್ಯಾನರುಗಳ ಜೊತೆ ಬೋರ್ಡಿಗೂ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದೆವು. ಫುಟ್ಬಾಲಿಗೆ ಕುಂಕುಮ ಇಡಲಾಯಿತು. ಆವತ್ತು ಚೆಂಡನ್ನು ಕಾಲಿನಿಂದ ಒದೆಯಬಾರದು ಎಂದು ಉಚ್ಚೆಂಗಪ್ಪನವರು ಹೇಳಿದರು. ಹಬ್ಬದ ದಿನ, ಒಪ್ಪತಕ್ಕ ಮಾತು. ಆ ಕುಂಕುಮ ಇವತ್ತಿಗೂ ಅಳಿಸಿಲ್ಲ.

ಏಳನೆಯ ದಿನ ಭಾನುವಾರ, ಹೊಸಪೇಟೆಯ ಮೇಲೆ ಪಂದ್ಯವಿತ್ತು. ಶನಿವಾರ ತುರ್ತು ಸಭೆ. ಪ್ಲಾಂಟಿನಲ್ಲಿ ಏನಾದರೂ ಅವಘಡವಾದರೆ ಮೂಲ ಕಾರಣ ಹುಡುಕುವ ಪದ್ಧತಿಯಿದೆ. ಉಚ್ಚೆಂಗಪ್ಪನವರು ಹದಿನಾರು ಗೋಲುಗಳಿಗೂ ಒಂದೊಂದು ಹಾಳೆ ಮಾಡಿ ಮೂಲ ಕಾರಣ ಹುಡುಕಿದ್ದರು. ಹದಿನಾರೂ ಗೋಲುಗಳು ಪಂದ್ಯ ನಡೆಯುತ್ತಿದ್ದಾಗಲೇ ಆಗಿದ್ದವು. ಪಂದ್ಯವಿಲ್ಲದ ದಿನ ಆದ ಗೋಲು ಒಂದೂ ಇರಲಿಲ್ಲ. ಸಭೆ ಗಂಭೀರವಾಗಿ ಆಲಿಸಿತು. ರಾಯಣ್ಣ “ಮೂಲ ಕಾರಣ: ಪಂದ್ಯ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಹಾಗಂತ ಪಂದ್ಯ ಬೇಡ ಎಂದು ಯಾರೂ ಅನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪ್ಲಾಂಟಿನಲ್ಲಿ ಎತ್ತರಕ್ಕೆ ಹತ್ತಬೇಕಾದರೆ ಮೊದಲು ಪರ್ಮಿಟ್ ಬರೆಸಬೇಕಲ್ಲ, ಹಾಗೆ ಪಂದ್ಯಕ್ಕೂ ಒಂದು ಪರ್ಮಿಟ್ ಎಂದಾಯಿತು. ಅದರಲ್ಲಿ ಹನ್ನೊಂದು ಕಾಲಮ್ಮು. ಕೊನೆಯದರಲ್ಲಿ, ತಾವು ಯಾವುದೇ ಗೋಲು ಹೊಡೆಯುವುದಿಲ್ಲವೆಂದು ಎದುರಾಳಿ ತಂಡದ ನಾಯಕರು ಮುಚ್ಚಳಿಕೆ ಬರೆದು ಸಹಿ ಹಾಕಬೇಕು.

ಹೊಸಪೇಟೆಯ ನಾಯಕ ಸ್ಟೇಷನ್ ರೋಡಿನಲ್ಲಿ ಲಾಡ್ಜ್ ಇಟ್ಟವನು, ಎಲ್ಲ ಥರದ ಗಿರಾಕಿಗಳನ್ನೂ ಕಂಡವನು. ಪರ್ಮಿಟ್ಟನ್ನು ಎರಡು ಸಲ ಓದಿ, ಉಚ್ಚೆಂಗಪ್ಪನವರ ಮುಖ ನೋಡಿ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೇನು ಎಂದು ಕೇಳಿದ. ಸಹಿ ಹಾಕಲಿಲ್ಲ. ಅವನ ಹುಡುಗರು ಗೇಟಿನ ಮುಂದೆ ಪಕೀರಮ್ಮನ ಬಂಡಿಯಲ್ಲಿ ಮಿರ್ಚಿ ಮಂಡಕ್ಕಿ ತಿಂದು ಹೊರಟುಹೋದರು. ಪರ್ಮಿಟ್ ಅಪೂರ್ಣವಾದ್ದರಿಂದ ಪಂದ್ಯ ನಡೆಯಲಿಲ್ಲ, ಅಂಕಿ ಏಳಕ್ಕೇರಿತು.

ಆಡದೆ ಬಿಟ್ಟ ಪಂದ್ಯಕ್ಕೆ ಲೀಗಿನವರು ಎದುರಾಳಿಗೆ ಮೂರು ಗೋಲು ಬರೆದುಕೊಡುತ್ತಾರೆ. ಆ ಕಾಗದ ಬಂದಾಗ ನಾನು ಒಳಗೊಳಗೇ ಖುಷಿಪಟ್ಟೆ. ಇನ್ನು ಬೋರ್ಡು ಸೊನ್ನೆ, ಮುಂದಿನ ವಾರದಿಂದ ಆಟ ಅಂದುಕೊಂಡೆ. ರಾಯಣ್ಣ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟ. ಸದರಿ ಗೋಲುಗಳು ಹೊಸಪೇಟೆಯ ಲೀಗ್ ಕಚೇರಿಯಲ್ಲಿ, ಮೇಜಿನ ಮೇಲೆ, ಕಾಗದದಲ್ಲಿ ಆದಂಥವು. ನಮ್ಮ ಗೇಟಿನ ಹೊರಗೆ ಆಗಿದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಪಕೀರಮ್ಮ ಇದನ್ನೆಲ್ಲ ಬಾಣಲೆಯ ಹಿಂದೆ ನಿಂತು ಕೇಳಿಸಿಕೊಂಡಳು. ಗೋಲು ಆಗಬಾರದು ಅಂದರೆ ಆ ಗೋಲಿನ ಕಂಬ ಕಿತ್ತು ನನ್ನ ಒಲೆಗೆ ಹಾಕಿರಿ, ಎರಡು ದಿನ ಮಿರ್ಚಿ ಕರಿಯುತ್ತೇನೆ ಎಂದಳು. ಸಮಿತಿ ಈ ಸಲಹೆಯನ್ನೂ ಸ್ವೀಕರಿಸಿ, ಪರಿಶೀಲನೆಗೆ ಉಪಸಮಿತಿ ನೇಮಿಸಿತು. ಆಮೇಲಿಂದ ಪಕೀರಮ್ಮ ಬಾಯಿ ಬಿಡುವುದನ್ನು ಬಿಟ್ಟಳು. ಅಲ್ಲದೆ ಅಂಕಿ ನೋಡಲು ದಿನವೂ ಮಂದಿ ಬರತೊಡಗಿ ಅವಳ ವ್ಯಾಪಾರ ಚೆನ್ನಾಗಿಯೇ ಆಗುತ್ತಿತ್ತು.

ಹೀಗೆ ಭಾನುವಾರಗಳು ಕಳೆದವು. ಇಪ್ಪತ್ತನೆಯ ದಿನ ಚೆಂಡಿಗೆ ಬೀಗ ಬಿತ್ತು. ಪ್ಲಾಂಟಿನಲ್ಲಿ ಯಂತ್ರ ರಿಪೇರಿಗೆ ನಿಂತಾಗ ಯಾರೂ ಚಾಲೂ ಮಾಡದಿರಲಿ ಎಂದು ಸ್ವಿಚ್ಚಿಗೆ ಕೆಂಪು ಬೀಗ ಹಾಕಿ ಚೀಟಿ ಕಟ್ಟುತ್ತಾರೆ. ಅದೇ ಪ್ರಕಾರ ಚೆಂಡಿನ ಗಾಳಿ ತೆಗೆದು, ಪೆಟ್ಟಿಗೆಯಲ್ಲಿಟ್ಟು, ಕೆಂಪು ಬೀಗ ಜಡಿದು, “ಅಪಾಯ, ಮುಟ್ಟಬಾರದು” ಎಂಬ ಚೀಟಿ ಕಟ್ಟಲಾಯಿತು. ಅಭ್ಯಾಸ ಬೇಕಾದವರು ಚೆಂಡಿಲ್ಲದೆ ಮಾಡಬಹುದಿತ್ತು. ನಮ್ಮ ತಂಡದ ಮಟ್ಟಿಗೆ ಅದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ.

ಮೂವತ್ತನಾಲ್ಕನೆಯ ದಿನ ನಾನು ಜಂಬುನಾಥನನ್ನು ಕರೆದುಕೊಂಡು ಉಚ್ಚೆಂಗಪ್ಪನವರ ಮನೆಗೆ ಹೋದೆ. ಅವರು ಒಳ್ಳೆಯ ಮನುಷ್ಯರು, ಕುಂದ್ರಿ ಎಂದು ಖುರ್ಚಿ ಹಾಕಿ ಚಹಾ ಕೊಡಿಸಿದರು. ಬೋರ್ಡು ನನ್ನ ಬಾಯಿಚಟದಿಂದ ಬಂದಿದ್ದು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈಮುಗಿದು ಹೇಳಿದೆ. ದೊಡ್ಡವರು ತಮ್ಮ ಸಾಧನೆ ಬಗ್ಗೆ ಹೀಗೇ ಮಾತಾಡುತ್ತಾರೆ ಎಂದು ಅವರು ಹೆಂಡತಿಯನ್ನು ಕರೆದು ನನ್ನ ಪರಿಚಯ ಮಾಡಿಸಿದರು. ಜಂಬುನಾಥ್ ಚಹಾ ಮುಟ್ಟಿರಲಿಲ್ಲ.

“ಐದ ಐದು ಮ್ಯಾಚ್ ಸರ್,” ಅಂದ. “ಗೋಲ್ ಹೊಡಿಯಾಕ ಹೋಗಂಗಿಲ್ಲ. ಹಿಂದ ಕಂಬದ ಹತ್ರಾನ ನಿಂದರ್ತೀನಿ, ಒಂದೂ ಒಳಗ ಬಿಡಂಗಿಲ್ಲ. ಆಡೀನಿ ಅಂತ ಕಾಗದದಾಗ ಬಂದ್ರ ಸಾಕು.”

“ತಮ್ಮಾ, ನಿನಗ ಬ್ಯಾಡ ಅಂತ ನಾನು ಯಾಕ ಅನ್ಲಿ?” ಅಂದರು ಉಚ್ಚೆಂಗಪ್ಪ. “ಐವತ್ತು ಮುಟ್ಲಿ. ಮ್ಯಾನೇಜರ್ ಸಾಹೇಬ್ರು ಬಂದು ಬಹುಮಾನ ಕೊಡೋರದಾರ. ಆಮ್ಯಾಲೆ ಬೇಕಾದಷ್ಟು ಆಡು.”

ಹೊರಗೆ ಬಂದಾಗ ಜಂಬುನಾಥ್ ಬೆರಳು ಮಡಚಿ ಎಣಿಸಿದ. ಐವತ್ತರ ನಂತರವೂ ಎಂಟು ಭಾನುವಾರ ಉಳಿಯುತ್ತವೆ, ಆಗುತ್ತದೆ ಮಾವ, ಅಂದ. ಆ ಹುಡುಗನ ಲೆಕ್ಕ ಯಾವತ್ತೂ ತಪ್ಪಿಲ್ಲ. ಅವನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಟಿಫಿನ್ ಕ್ಯಾರಿಯರ್ ಒಂದನ್ನೇ.

ಐವತ್ತನೆಯ ದಿನ ಮ್ಯಾನೇಜರ್ ಬಂದರು. ಶಾಮಿಯಾನ, ಧ್ವನಿವರ್ಧಕ, ಕಾರ್ಖಾನೆಯ ಸುರಕ್ಷತಾ ಪ್ರತಿಜ್ಞೆ. ಆಟಗಾರರಿಗೂ ಸಮಿತಿಯವರಿಗೂ ಅಭಿಮಾನಿ ಸಂಘದ ಸದಸ್ಯರಿಗೂ ತಲಾ ಒಂದು ನಾಲ್ಕು ಡಬ್ಬಿಯ ಸ್ಟೀಲ್ ಟಿಫಿನ್ ಕ್ಯಾರಿಯರ್ ಹಂಚಲಾಯಿತು. ಎಪ್ಪತ್ತೈದಕ್ಕೆ ಐದು ಲೀಟರಿನ ಕುಕ್ಕರ್, ನೂರಕ್ಕೆ ಮಿಕ್ಸರ್ ಎಂದು ಅದೇ ವೇದಿಕೆಯಲ್ಲಿ ಘೋಷಣೆಯಾಯಿತು. ಅಭಿಮಾನಿ ಸಂಘದಲ್ಲಿ ಅಲ್ಲಿಯವರೆಗೆ ನಲವತ್ತು ಸದಸ್ಯರಿದ್ದರು, ಮರುದಿನ ಸಂಜೆಗೆ ನಾನೂರ ಹನ್ನೆರಡು. ಸಂಡೂರಿನಿಂದ ಬಸ್ಸು ಹಿಡಿದು ಬಂದು ಸೇರಿದವರೂ ಉಂಟು. ಇಷ್ಟು ಅಭಿಮಾನ ಈ ಕ್ಲಬ್ಬಿನ ಮೇಲೆ ಎಲ್ಲಿ ಅಡಗಿತ್ತೋ, ಹನ್ನೊಂದು ವರ್ಷ ನಾನಂತೂ ಕಂಡಿರಲಿಲ್ಲ.

ಐವತ್ತು ಮುಗಿಯಿತಲ್ಲ, ಆಡೋಣ ಎಂದು ನಾನು ಸಂಘದ ಸಭೆ ಕರೆದೆ. ನಾನೂರ ಹನ್ನೆರಡು ಜನ ನನ್ನನ್ನು ಒಂದು ಥರ ನೋಡಿದರು. ನಮ್ಮ ಗೋಲ್‌ಕೀಪರ್ ಮಾರೇಶ್ ಎದ್ದು, ತಾನು ಈ ಸೀಸನ್ನಿನಷ್ಟು ಒಳ್ಳೆಯ ಫಾರ್ಮಿನಲ್ಲಿ ಎಂದೂ ಇದ್ದಿಲ್ಲ, ಅದನ್ನು ಕೆಡಿಸಬೇಡಿ ಎಂದು ಮನವಿ ಮಾಡಿಕೊಂಡ. ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಹೇಮಾವತಿ ಒಲೆಯ ಪಕ್ಕದ ಡಬ್ಬಿಗಳನ್ನು ಸರಿಸಿ ಕುಕ್ಕರಿಗೆ ಜಾಗ ಮಾಡಿದ್ದಳು. ನನಗೆ ಮನೆಯಲ್ಲೂ ಬಹುಮತವಿರಲಿಲ್ಲ.

ಇತ್ತ ಎಮ್ಮಿಗನೂರಿನವರೂ ಒಂದು ಬೋರ್ಡು ಹಾಕಿಸಿದರು. ಕಂಪ್ಲಿಯವರು ಹಾಕಿಸಿ ಅದಕ್ಕೆ ಲೈಟು ಕಟ್ಟಿಸಿದರು. ಲೀಗಿನ ಅಂಕಪಟ್ಟಿಯನ್ನು ಗೋಲುರಹಿತ ದಿನಗಳ ಆಧಾರದ ಮೇಲೆ ಪರಿಷ್ಕರಿಸಲಾಗಿ, ಹದಿನಾರು ಗೋಲು ಹೊಡೆಸಿಕೊಂಡ ನಾವು ಮೊದಲ ಸ್ಥಾನಕ್ಕೆ ಬಂದೆವು. ಹಂಪಿಯ ಗೈಡುಗಳು ಕಲ್ಲಿನ ರಥ ತೋರಿಸಿದ ಮೇಲೆ ಪ್ರವಾಸಿಗರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು ನಮ್ಮ ಬೋರ್ಡನ್ನೂ ತೋರಿಸತೊಡಗಿದರು. ಹನ್ನೊಂದು ವರ್ಷ ಕಾದಿದ್ದೆ, ನನ್ನ ತಂಡ ಅಗ್ರಸ್ಥಾನದಲ್ಲಿತ್ತು. ಸಂತೋಷ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ರಾತ್ರಿ ಊಟಕ್ಕೆ ಕೂತಾಗ ತಂಗಿ ವಿರುಪಮ್ಮ ಫೋನು ಮಾಡಿ, ಅಣ್ಣಾ ಈ ಭಾನುವಾರ ಮ್ಯಾಚ್ ಐತೇನು ಅಂತ ಕೇಳಿದರೆ ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದೆ.

ಎಪ್ಪತ್ತೊಂದನೆಯ ದಿನ ಸೋಮವಾರ. ಜನರಲ್ ಶಿಫ್ಟ್ ಬಿಟ್ಟ ಹೊತ್ತು, ಬೋರ್ಡಿನ ಮುಂದೆ ನೂರೈವತ್ತು ಮಂದಿ ಅಂಕಿ ನೋಡುತ್ತ ಮಂಡಕ್ಕಿ ತಿನ್ನುತ್ತಿದ್ದರು. ಜಂಬುನಾಥ್ ಕೆಲಸದ ಬಟ್ಟೆಯಲ್ಲೇ ಬಂದ. ಬಗಲಲ್ಲಿ ಒಂದು ಹೊಸ ಚೆಂಡು. ಹೊಸಪೇಟೆಯಿಂದ ತಂದದ್ದೆಂದು ಆಮೇಲೆ ತಿಳಿಯಿತು. ಹೆಲ್ಮೆಟ್ ತೆಗೆದು ನೆಲಕ್ಕಿಟ್ಟ. ನಮ್ಮದೇ ಗೋಲಿನ ಎದುರು ಇಪ್ಪತ್ತು ಹೆಜ್ಜೆ ದೂರ ಚೆಂಡು ಇಟ್ಟು, ಹಿಂದೆ ಸರಿದು, ಓಡಿಬಂದು ಹೊಡೆದ.

ಏನು ಹೊಡೆತ ಅದು. ಬಲ ಕಂಬದ ಒಳ ಅಂಚಿಗೆ ತಾಗಿ, ಬಲೆಗೆ ಬಿದ್ದು, ಎರಡೂವರೆ ತಿಂಗಳಿಂದ ಬಲೆಯಲ್ಲಿ ಕೂತಿದ್ದ ಅದಿರಿನ ಧೂಳೆಲ್ಲ ಒಮ್ಮೆಲೇ ಎದ್ದಿತು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ “ಗೋಲ್” ಎಂದು ಕೂಗು ಬಂತು. ಅಭಿಮಾನಿ ಸಂಘದ ಅಧ್ಯಕ್ಷ ನಾನು, ಇನ್ನೇನು ಕೂಗಲಿ. ಉಳಿದ ನೂರ ನಲವತ್ತೊಂಬತ್ತು ಮಂದಿ ಬೋರ್ಡಿನ ಕಡೆ ತಿರುಗಿದರು. ಕುಕ್ಕರಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು.

“ಬೋರ್ಡ್ ಸೊನ್ನಿ ಮಾಡ್ರಿ,” ಅಂದ ಜಂಬುನಾಥ್. “ಕಾಯಾಕ ಇನ್ನೇನೂ ಉಳಿಲಿಲ್ಲಲ್ಲ. ಇನ್ನೂ ಐದು ಭಾನುವಾರ ಅದಾವ. ಆಡೂಣು.”

ಮರುದಿನ ಬೆಳಿಗ್ಗೆ ಕ್ಲಬ್ಬಿನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಉಚ್ಚೆಂಗಪ್ಪನವರು ಅಧ್ಯಕ್ಷತೆ ವಹಿಸಿದ್ದರು, ರಾಯಣ್ಣ ಬರೆದುಕೊಳ್ಳುತ್ತಿದ್ದ, ಕಿಟಕಿಗಳ ತುಂಬ ನನ್ನ ಸಂಘದ ಸದಸ್ಯರು. ಜಂಬುನಾಥ್ ಕೈಕಟ್ಟಿ ನಿಂತಿದ್ದ. ಗೋಲು ಆಗಿದ್ದನ್ನು ನೋಡಿದ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಕೇಳಲಾಯಿತು. ನೂರೈವತ್ತು ಮಂದಿಯಲ್ಲಿ ಆ ಹೊತ್ತಿಗೆ ಕೆಲವರು ಮಂಡಕ್ಕಿಗೆ ಉಪ್ಪು ಹಾಕಿಕೊಳ್ಳುತ್ತಿದ್ದರು, ಕೆಲವರು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು, ಒಬ್ಬನ ಕಣ್ಣಿಗೆ ಧೂಳು ಬಿದ್ದಿತ್ತು. ಕೂಗಿದವನು ನಾನೊಬ್ಬನೇ.

ಕಿಟಕಿಯಲ್ಲಿ ಹೇಮಾವತಿಯ ಮುಖವೂ ಕಂಡಿತು. ನಾನು ಅವಳ ಕಡೆ ನೋಡದೆ ಹೇಳಿದೆ. “ನಾನು ನೋಡೀನ್ರೀ. ಚೆಂಡು ಗೆರಿ ದಾಟಿ ಬಲಿಗೆ ಬಿದ್ದೈತಿ. ಅದು ಗೋಲು.” ಜನ್ಮದಲ್ಲಿ ಒಂದು ಸಲ ಕೊಂಕಿಲ್ಲದೆ ಮಾತಾಡಿದ್ದೆ. ಜಂಬುನಾಥ್ ನನ್ನ ಕಡೆ ನೋಡಿ ಹಗೂರಕ್ಕೆ ತಲೆಯಾಡಿಸಿದ.

ಉಚ್ಚೆಂಗಪ್ಪನವರಿಗೆ ನಿಜಕ್ಕೂ ಸಂಕಟವಾಗಿತ್ತು. ಆಗ ರಾಯಣ್ಣ ಗಂಟಲು ಸರಿಮಾಡಿಕೊಂಡು, ಗೋಲು ಹೊಡೆದವನ ಪಾಸ್ ತೋರಿಸಲು ಹೇಳಿದ. ಪಾಸು ನೋಡಿದ, ಅದರ ಗುತ್ತಿಗೆಯ ಹಳದಿ ಬಣ್ಣ ನೋಡಿದ, ಕಾರ್ಖಾನೆಯ ನಿಯಮಾವಳಿ ತೆಗೆದು ಒಂದು ಪುಟ ಬಿಡಿಸಿ ಅಧ್ಯಕ್ಷರ ಮುಂದಿಟ್ಟ.

ಅದೊಂದು ಹಳೆಯ ನಿಯಮ. ಕಾರ್ಖಾನೆಯ ಸುರಕ್ಷತಾ ಬೋರ್ಡಿನಲ್ಲಿ ಖಾಯಂ ನೌಕರರಿಗಾದ ಅಪಘಾತ ಮಾತ್ರ ಲೆಕ್ಕಕ್ಕೆ ಬರುತ್ತದೆ. ಗುತ್ತಿಗೆಯವನಿಗೆ ಏನಾದರೂ ಆದರೆ ಅದು ಗುತ್ತಿಗೆದಾರನ ರಿಜಿಸ್ಟರಿಗೆ ಹೋಗುತ್ತದೆ. ನನಗೆ ಅದು ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಬೆಲ್ಟಿಗೆ ಸಿಕ್ಕು ಒಬ್ಬನ ಎರಡು ಬೆರಳು ಹೋದವು. ಬೋರ್ಡು ಇನ್ನೂರ ಹನ್ನೊಂದು ಇದ್ದದ್ದು ಮರುದಿನ ಇನ್ನೂರ ಹನ್ನೆರಡಾಯಿತು. ಇನ್ನೂರೈವತ್ತಕ್ಕೆ ಪೇಡೆ ಹಂಚಿದರು, ನಾನೂ ಎರಡು ತಿಂದೆ.

“ಗೋಲ್ ಆಗಿದ್ದು ಖರೆ ಐತಿ, ಗಾಳೆಪ್ಪ. ಯಾರೂ ಇಲ್ಲ ಅನ್ನಂಗಿಲ್ಲ,” ಅಂದರು ಉಚ್ಚೆಂಗಪ್ಪ. ಅವರ ಮುಖದಲ್ಲಿ ರಕ್ತ ಮರಳಿ ಬಂದಿತ್ತು. “ಆದ್ರ ಅದು ಗುತ್ತಿಗಿ ಗೋಲು. ನಮ್ಮ ಬೋರ್ಡಿಗೆ ಬರಂಗಿಲ್ಲ.”

“ನಾನು ಖಾಯಂ ಇದ್ದಿದ್ರ ಗೋಲ್ ಆಗ್ತಿತ್ತೇನ್ರೀ ಸರ್?” ಜಂಬುನಾಥ್ ಕೇಳಿದ.

“ಆಗ್ತಿತ್ತು.”

“ಖಾಯಂ ಆಗ್ಬೇಕಂದ್ರ ಮ್ಯಾಚ್ ಆಡ್ಬೇಕು.”

“ಹೌದು.”

“ಮ್ಯಾಚ್ ಆಡ್ಬೇಕಂದ್ರ ನನ್ನ ಗೋಲ್ ಲೆಕ್ಕಕ್ಕ ಬರಬೇಕು.”

“ಎಷ್ಟು ಬರೋಬ್ಬರಿ ತಿಳ್ಕೊಂಡಿ ತಮ್ಮಾ,” ಅಂದರು ಉಚ್ಚೆಂಗಪ್ಪ, ಮೆಚ್ಚಿಗೆಯಿಂದ. “ನಿಯಮ ಇಷ್ಟು ಜಲ್ದಿ ತಿಳ್ಕೊಂಡೋರನ್ನ ನನ್ನ ಸರ್ವೀಸಿನ್ಯಾಗ ನೋಡಿಲ್ಲ.”

ಗುತ್ತಿಗೆದಾರ ಮೂಕಣ್ಣನಿಗೆ, ನಿಮ್ಮ ಲೆಕ್ಕಕ್ಕೆ ಒಂದು ಗೋಲು ಜಮೆಯಾಗಿದೆ ಎಂದು ಅದೇ ದಿನ ಕಾಗದ ಹೋಯಿತು. ಮೂಕಣ್ಣನ ಬಳಿ ಬೋರ್ಡು ಇರಲಿಲ್ಲ, ಆದ್ದರಿಂದ ಅವನು ಕಾಗದವನ್ನು ಮೊಳೆಗೆ ಸಿಕ್ಕಿಸಿ ಸುಮ್ಮನಾದ. ನಮ್ಮ ಬೋರ್ಡು ಎಪ್ಪತ್ತೆರಡಕ್ಕೆ ಏರಿತು. ಶುಕ್ರವಾರ ಕುಕ್ಕರ್ ಬಂತು. ಸೀಟಿ ಚೆನ್ನಾಗಿ ಹೊಡೆಯುತ್ತದೆ.

ಉಳಿದ ಐದು ಭಾನುವಾರಗಳು ಒಂದೊಂದಾಗಿ ಸುರಕ್ಷಿತವಾಗಿ ಕಳೆದವು. ಪ್ರತಿ ಭಾನುವಾರವೂ ಜಂಬುನಾಥ್ ಬೂಟು ಕಟ್ಟಿಕೊಂಡು ಮೈದಾನಕ್ಕೆ ಬಂದು, ಮಧ್ಯಾಹ್ನದವರೆಗೆ ಕೂತು, ಬಿಚ್ಚಿಕೊಂಡು ಹೋಗುತ್ತಿದ್ದ. ಸಂಕ್ರಾಂತಿಯ ದಿನ ವಿರುಪಮ್ಮ ಎಳ್ಳು ಬೆಲ್ಲ ತಂದುಕೊಟ್ಟಳು. ಅವನಿಗೆ ಇಪ್ಪತ್ತೆಂಟು ತುಂಬಿತು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಕ್ರಾಂತಿಯ ಮರುದಿನ ಆಟಗಾರರ ಖಾಯಂ ಹುದ್ದೆಯ ಪ್ರಕಟಣೆ ಬಂತು. ಯಾರೊಬ್ಬರೂ ಎಂಟು ಪಂದ್ಯ ಆಡದ ಕಾರಣ ಷರತ್ತನ್ನು ಸಡಿಲಿಸಿ, ಅತ್ಯಂತ ಸುರಕ್ಷಿತ ಆಟಗಾರನನ್ನು ಆಯ್ಕೆ ಮಾಡಲಾಗಿತ್ತು. ತಂಡದ ಉಳಿದವರೆಲ್ಲ ಮೂರು ಸೋಲುಗಳಲ್ಲಿ ಭಾಗಿಗಳು. ಆ ಮೂರು ಪಂದ್ಯಗಳಿಗೂ ಬಾರದಿದ್ದ ಏಕೈಕ ನೋಂದಾಯಿತ ಆಟಗಾರ, ಹದಿನಾರು ಗೋಲುಗಳಲ್ಲಿ ಒಂದಕ್ಕೂ ಹೊಣೆಯಿಲ್ಲದವನು, ಉಚ್ಚೆಂಗಪ್ಪನವರ ಅಳಿಯ ಅಂಜಿನೇಯ. ಅವನ ಹೆಸರು ಸೆಪ್ಟೆಂಬರಿನಲ್ಲೇ ಪಟ್ಟಿಯಲ್ಲಿತ್ತಂತೆ, ನಮ್ಮ ಗಮನಕ್ಕೆ ಬಂದಿರಲಿಲ್ಲ. ವಯಸ್ಸು ಇಪ್ಪತ್ತನಾಲ್ಕು. ಸನ್ಮಾನದ ದಿನ ನೀಲಿ ಹೆಲ್ಮೆಟ್ ಹಾಕಿಕೊಂಡು ಬಂದಿದ್ದ, ಫೋಟೋಕ್ಕೆಂದು ಬೀಗ ತೆಗೆದು, ಗಾಳಿ ತುಂಬಿ ಚೆಂಡು ಕೈಗೆ ಕೊಟ್ಟಾಗ ತೆಂಗಿನಕಾಯಿ ಹಿಡಿದಂತೆ ಹಿಡಿದ. ಅಭಿಮಾನಿ ಸಂಘದ ಪರವಾಗಿ ಅಭಿನಂದನಾ ಪತ್ರಕ್ಕೆ ನಾನು ಸಹಿ ಹಾಕಿದೆ. ಮಿಕ್ಸರ್ ಆಗಲೇ ಮನೆಗೆ ಬಂದಿತ್ತು.

ಜಂಬುನಾಥನನ್ನು ಕ್ಲಬ್ಬು ಕೈಬಿಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೋರ್ಡಿನ ಅಂಕಿ ಮೂರು ಸ್ಥಾನಕ್ಕೆ ಏರಿದ್ದರಿಂದ ಅದನ್ನು ದಿನವೂ ಬದಲಿಸಲು ಒಬ್ಬ ಬೇಕಾಗಿದ್ದ. ಮೈ ಹಗುರ, ಎತ್ತರಕ್ಕೆ ಹೆದರುವುದಿಲ್ಲ ಎಂದು ಉಚ್ಚೆಂಗಪ್ಪನವರೇ ಅವನ ಹೆಸರು ಸೂಚಿಸಿದರು. ಬೆಳಿಗ್ಗೆ ಎಂಟಕ್ಕೆ ಏಣಿ ಹತ್ತಿ ಅಂಕಿಯ ತಗಡು ಬದಲಿಸಬೇಕು. ಗುತ್ತಿಗೆ ಆಧಾರದ ಮೇಲೆ, ಮೂರು ತಿಂಗಳಿಗೊಮ್ಮೆ ಪಾಸು ಹೊಸದು. ಅಂಕಿ ಏರುವಾಗ ಅಭಿಮಾನಿ ಸಂಘದ ಅಧ್ಯಕ್ಷರು ಹಾಜರಿದ್ದು ಚಪ್ಪಾಳೆ ಹೊಡೆಯತಕ್ಕದ್ದು ಎಂದು ಇನ್ನೊಂದು ಠರಾವಾಗಿದೆ.

ಇವತ್ತು ಬೆಳಿಗ್ಗೆ ನಾವಿಬ್ಬರೇ ಇದ್ದೆವು. ಉಳಿದವರು ಬರಲು ಐದು ನಿಮಿಷವಿತ್ತು. ಅವನು ಹಳದಿ ಹೆಲ್ಮೆಟ್ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ ಏಣಿಯ ಮೇಲಿದ್ದ. ಕೈಯಲ್ಲಿ ತಗಡುಗಳ ಚೀಲ. ನನಗೆ ತಡೆದುಕೊಳ್ಳಲಾಗಲಿಲ್ಲ. ಏಣಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದೆ, “ಲೇ ಜಂಬೂ, ಚೀಲದಾಗ ಸೊನ್ನಿ ಅದಾವಲ್ಲ. ಮೂರೂ ಸೊನ್ನಿ ಹಾಕಿ ಇಳದುಬಿಡು. ಆಗಿದ್ದಾಗ್ಲಿ, ನಾನದೀನಿ.”

ಅವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಮೇಲಿನಿಂದ ನನ್ನನ್ನು ನೋಡಿದ.

“ಹಾಕಿದ್ರ ಏನಾಗ್ತೈತಿ ಮಾವ?” ಅಂದ. “ನಾನು ಹಾಕಿದ ಸೊನ್ನಿ ಮೂಕಣ್ಣನ ರಿಜಿಸ್ಟರಿಗೆ ಹೋಗ್ತೈತಿ.”

ಅಷ್ಟರಲ್ಲಿ ಉಚ್ಚೆಂಗಪ್ಪನವರು ಬಂದರು, ರಾಯಣ್ಣ ಪುಸ್ತಕ ಹಿಡಿದು ಬಂದ, ಪಕೀರಮ್ಮ ಒಲೆ ಹಚ್ಚಿದಳು. ಜಂಬುನಾಥ್ ಚೀಲದಿಂದ ನಾಲ್ಕರ ತಗಡು ತೆಗೆದು, ತೋಳಿನಿಂದ ಧೂಳು ಒರೆಸಿ, ಕೊಕ್ಕೆಗೆ ಸಿಕ್ಕಿಸಿದ. ಸ್ವಲ್ಪ ಸೊಟ್ಟ ಇದೆ ಎಂದು ಉಚ್ಚೆಂಗಪ್ಪನವರು ಹೇಳಿದರು, ಅವನು ನೇರ ಮಾಡಿದ. ನಾನು ಏಣಿ ಬಿಟ್ಟು ಚಪ್ಪಾಳೆ ಹೊಡೆದೆ.